ಫೋಟೋಕ್ಕೆ ಹಾರ ಬೀಳುವ ಮುಂಚೆ

ಊರಿನ ಕಲಾವಿದರೊಬ್ಬರು ತೀರಿಕೊಂಡರೆ ವಾಟ್ಸಾಪ್‌ನಲ್ಲಿ ಬರುವ ವಿಡಿಯೋ ನಿಮಗೂ ಗೊತ್ತು. ಹಾರ ಹಾಕಿದ ಫೋಟೋ, ಶಾಲು ಹೊದಿಸಿದ ಎರಡು ಚಿತ್ರ, ಹಿಂದೆ ಯಾವುದೋ ಸಿನಿಮಾದ ದುಃಖದ ಹಾಡು. ಜೀವನವಿಡೀ ಹಾಡಿದವರ ದನಿ ಮಾತ್ರ ಅದರಲ್ಲಿ ಇರುವುದಿಲ್ಲ.

ನಮ್ಮ ಗೆಳೆಯನೊಬ್ಬನ ಅಪ್ಪ ದೊಡ್ಡಾಟದವರು. ಹೊಲದ ಕೆಲಸ ಮುಗಿಸಿ ತಾಲೀಮು, ಆಟದ ದಿನ ಬೆಳತನಕ ದುರ್ಯೋಧನ. ಅವರ ಮೇಲೆ ಹತ್ತು ನಿಮಿಷದ ಕಿರುಚಿತ್ರ ಮಾಡೋಣವೆಂದು ಹೋದೆವು. ‘ದನಿ ಬಿದ್ದೈತಿ, ಈಗ್ಯಾಕ್ ತಗೀತೀರಪಾ’ ಅಂದರು. ಮೊದಲ ದಿನ ನಾವು ಮಾಡಿದ್ದೆಲ್ಲ ತಪ್ಪೇ. ಕಿರೀಟ, ಭುಜಕೀರ್ತಿ ಕಟ್ಟಿಸಿ ಸಂಜೆ ಬಿಸಿಲಲ್ಲಿ ಬದುವಿನ ಮೇಲೆ ನಡೆಸಿದೆವು. ಆಮೇಲೆ ನೋಡಿದರೆ ಮದುವೆ ವಿಡಿಯೋ ಥರ ಬಂದಿತ್ತು.

ದೊಡ್ಡಾಟದಲ್ಲಿ ರಾಜ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರಾಗಿ, ನೀವು ಯಾರು, ಬಂದ ಕಾರಣವೇನು ಎಂದು ಕೇಳುತ್ತಾನಲ್ಲ, ಮರುದಿನ ಮಗನನ್ನೇ ಹಾಗೆ ಅಪ್ಪನ ಎದುರು ಕೂರಿಸಿದೆವು. ವೇಷವಿಲ್ಲ, ಬನಿಯನ್ ಮೇಲೇ ಕೂತರು. ದುರ್ಯೋಧನನ ಮಾತು ಮುಗಿದ ಮೇಲೆ ಮಗ ಕೇಳಿದ: ‘ಅಪ್ಪಾ, ನೀ ಆಟಕ್ಕ ಹೊಂಟ್ರ ಅವ್ವ ಯಾಕ ಸಿಟ್ಟಾಗ್ತಿದ್ಲು?’

ಅಪ್ಪ ಸುಮ್ಮನಾದರು. ಉತ್ತರ ಅಡಿಗೆಮನೆಯಿಂದ ಬಂತು: ‘ವೇಷದ ಬಾಡಿಗಿಗೆ ನನ್ನ ಬೆಂಡೋಲಿ ಒತ್ತಿ ಇಟ್ರಲ್ಲ, ಬಿಡಿಸ್ಕೊಂಡ್ ಬರಲೇ ಇಲ್ಲ.’

ಇದನ್ನು ತೆಗೆದುಹಾಕಬೇಕೆಂದು ಗೆಳೆಯ ಹಟ ಹಿಡಿದ. ಅಪ್ಪನ ಗೌರವಕ್ಕೆಂದು ಮಾಡುವ ಚಿತ್ರದಲ್ಲಿ ಅಪ್ಪನ ಮರ್ಯಾದೆ ಹೋಗಬಾರದು ಎಂಬುದು ಅವನ ವಾದ. ನಾವು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಹಳ್ಳಿಯ ದೊಡ್ಡಾಟದಲ್ಲಿ ಮಾಸ್ತರರ ಸಂಬಳಕ್ಕೆ, ವೇಷಕ್ಕೆ ಪಾತ್ರಧಾರಿಗಳೇ ದುಡ್ಡು ಹಾಕುವುದು ಹೊಸದಲ್ಲ. ಆ ದುಡ್ಡು ಯಾರ ಕಿವಿಯಿಂದ ಬಂತು ಎಂದು ಹೇಳದಿದ್ದರೆ ಆ ಕಲೆಯ ಅರ್ಧ ಕಥೆ ಹೋದಂತೆ. ಜಗಳ ಬಗೆಹರಿಸಿದ್ದು ಅಪ್ಪನೇ. ‘ಅಕಿ ಹೇಳಿದ್ದು ಖರೆ ಐತಿ. ಇರಲಿ ಬಿಡು.’

ಓದು ಬಾರದ ದರೋಜಿ ಈರಮ್ಮ 2014ರಲ್ಲಿ ತೀರಿಕೊಂಡರು. ಅವರ ಬಾಯಲ್ಲಿದ್ದ ಬುರ್ರಕಥೆಗಳು ಪುಸ್ತಕವಾಗಿ ಉಳಿದದ್ದು, ಬದುಕಿದ್ದಾಗಲೇ ಎದುರು ಕೂತು ಕೇಳಿದವರಿದ್ದರಿಂದ. ನಿಮ್ಮ ಮನೆಯಲ್ಲೂ ಭಜನೆಯವರೋ, ಸೋಬಾನೆ ಹಾಡುವವರೋ ಇದ್ದರೆ ಕ್ಯಾಮೆರಾಕ್ಕಾಗಿ ಕಾಯಬೇಡಿ. ಫ್ಯಾನ್ ಆರಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಅವರ ಬಾಯಿಗೆ ಒಂದು ಮೊಳ ದೂರದಲ್ಲಿಟ್ಟು ದನಿ ಹಿಡಿಯಿರಿ. ನಡುವೆ ಮರೆತರೆ ಮರೆಯಲಿ, ಕತ್ತರಿಸಬೇಡಿ.

ನಮ್ಮ ಹತ್ತು ನಿಮಿಷದ ಚಿತ್ರ ಹದಿನಾಲ್ಕು ನಿಮಿಷವಾಗಿದೆ. ದುರ್ಯೋಧನನ ಪಾತ್ರ ಪೂರ್ತಿ ಹಾಡಿಸಿಕೊಳ್ಳುವುದು ಇನ್ನೂ ಬಾಕಿ. ಅಪ್ಪನಿಗೆ ಕೆಮ್ಮು; ಕಡಿಮೆಯಾದ ಕೂಡಲೇ ಹೋಗುತ್ತೇವೆ.