ಮೊದಲು ಸೊನ್ನೆ ಎಲ್ಲಿದೆ ತೋರಿಸಿ

ಹಳೇ ಕಾರು ಸಾಕುವವರ ನಡುವೆ ಒಂದು ಮಾತು ಹೆಮ್ಮೆಯಿಂದ ಓಡಾಡುತ್ತದೆ: ‘ಇಗ್ನಿಷನ್ ಟೈಮಿಂಗ್ ಕಂಪನಿ ಸೆಟಿಂಗ್‌ಗೇ ಇಟ್ಟಿದ್ದೇವೆ.’ ಎಂಜಿನ್ ಬದಲಾಯಿಸಿದ ಕಾರಿನ ಬಗ್ಗೆ ಯಾರಾದರೂ ಹೀಗೆಂದರೆ, ಅವರು ಅಳತೆಯನ್ನೇ ಮಾಡಿಲ್ಲ ಎಂದು ನಾನು ತಿಳಿಯುತ್ತೇನೆ. ಹೀಗೆ ತಿಳಿಯುವುದಕ್ಕೆ ಸಾಕಷ್ಟು ದುಡ್ಡು ಕೊಟ್ಟಿದ್ದೇನೆ.

ಧಾರವಾಡದ ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಯ ಬ್ಲಾಕ್ ಬಿರುಕು ಬಿಟ್ಟಾಗ, ಪುಣೆಯಲ್ಲಿರುವ ನಾನೇ ಮುಂದೆ ನಿಂತು ಇಲ್ಲಿ ಬೇರೆ ಎಂಜಿನ್ ಹಾಕಿಸಿದೆ. ಅದೂ ಪದ್ಮಿನಿಯದೇ, 1089 ಸಿಸಿ. ಆದರೆ ಗುಜರಿಯಲ್ಲಿ ಸಿಗುವ ಎಂಜಿನ್ ಎಂದರೆ ಬ್ಲಾಕ್ ಒಂದು ಕಾರಿನದು, ಹೆಡ್ ಇನ್ನೊಂದರದು, ಮುಂದಿನ ಪುಲ್ಲಿ ಮತ್ತೊಂದರದು. ಹಳೇ ಕಾರುಗಳಿಗೆ ಹೆಸರಾದ ಗ್ಯಾರೇಜಿನವರು ಬಾನೆಟ್ ಪಕ್ಕ ಮ್ಯಾನ್ಯುಯಲ್ ಬಿಡಿಸಿಟ್ಟುಕೊಂಡು, ಅದರಲ್ಲಿದ್ದ ಡಿಗ್ರಿಗೆ ಟೈಮಿಂಗ್ ಇಟ್ಟುಕೊಟ್ಟರು. ಊರಿಗೆ ಹೊರಟರೆ ಖಂಬಾಟ್ಕಿ ಘಾಟಿನ ಏರಿನಲ್ಲೇ ರೇಡಿಯೇಟರ್ ಕುದಿಯಿತು. ‘ಪುಸ್ತಕದಾಗ ಇದ್ದಂಗನ ಇಟ್ಟಾರಂತ, ಇನ್ನೇನ ಮಾಡೂದವಾ?’ ಎಂದರು ಅಪ್ಪ.

ಸಾತಾರಾ ಹತ್ತಿರ ರಸ್ತೆಬದಿಯ ಮೆಕ್ಯಾನಿಕ್ ಒಬ್ಬ ಕಿವಿಗೊಟ್ಟು ಕೇಳಿ, ಡಿಸ್ಟ್ರಿಬ್ಯೂಟರ್ ಸ್ವಲ್ಪ ತಿರುಗಿಸಿದ. ಗಾಡಿ ಹಾರಿದ ಹಾಗೆ ಓಡಿತು. ಬೆಳಗಾವಿ ದಾಟಿದ ಮೇಲೆ ಏರು ಸಿಕ್ಕಲ್ಲೆಲ್ಲ ಟಿಣ್ ಟಿಣ್ ಸದ್ದು. ಧಾರವಾಡದಲ್ಲಿ ಬಿಚ್ಚಿಸಿದಾಗ ಒಂದು ಪಿಸ್ಟನ್ನಿನ ಅಂಚು ಇಲಿ ಕಡಿದಂತೆ ಸವೆದಿತ್ತು, ರಿಂಗ್ ಮುರಿದಿತ್ತು. ಒಂದು ಇಡೀ ಕಾದಂಬರಿ ಅನುವಾದಿಸಿದ ಸಂಭಾವನೆ ಪಿಸ್ಟನ್ ಸೆಟ್ಟಿಗೂ ಬೋರಿಂಗ್‌ಗೂ ಹೋಯಿತು.

ಆಗಿದ್ದೇನು? ಸಿಲಿಂಡರಿನಲ್ಲಿ ಕಿಡಿ ಹಾರಿದ ತಕ್ಷಣ ಎಲ್ಲ ಪೆಟ್ರೋಲ್ ಉರಿದು ಮುಗಿಯುವುದಿಲ್ಲ. ಉರಿ ಹಬ್ಬಲು ಒಂದೆರಡು ಮಿಲಿಸೆಕೆಂಡು ಬೇಕು. 3000 ಆರ್‌ಪಿಎಂನಲ್ಲಿ ಒಂದೇ ಮಿಲಿಸೆಕೆಂಡಿಗೆ ಕ್ರ್ಯಾಂಕ್ 18 ಡಿಗ್ರಿ ತಿರುಗಿಬಿಡುತ್ತದೆ. ಆದ್ದರಿಂದ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು, ವೇಗ ಹೆಚ್ಚಿದಂತೆ ಇನ್ನೂ ಮೊದಲು. ತಡವಾದರೆ ಚಕ್ರಕ್ಕೆ ಹೋಗಬೇಕಾದ ಶಕ್ತಿ ಬರೀ ಶಾಖವಾಗಿ ನೀರು ಕುದಿಸುತ್ತದೆ. ಅತಿ ಬೇಗವಾದರೆ ಇನ್ನೂ ಉರಿಯದ ಮಿಶ್ರಣ ಒತ್ತಡಕ್ಕೆ ತಾನಾಗಿ ಹೊತ್ತಿಕೊಂಡು ಪಿಸ್ಟನ್ನಿಗೆ ಸುತ್ತಿಗೆಯಂತೆ ಬಡಿಯುತ್ತದೆ. ನಮಗೆ ಮೊದಲು ಒಂದು ಆಯಿತು, ಆಮೇಲೆ ಇನ್ನೊಂದು.

ನಮ್ಮ ಕಡೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ದೆವ್ವ ಬಂದು ಓದಿ ವಾಪಸು ಹೋಗಲಿ ಎಂದು. ಯಾವ ದಿನದಿಂದ ನಾಳೆ ಎಂದು ಹೇಳಿರದ ಕಾರಣ ಆ ನಾಳೆ ಬರುವುದೇ ಇಲ್ಲ. ಭಾಷಾವಿಜ್ಞಾನದ ತರಗತಿಯಲ್ಲಿ ಇಂಥ ಪದಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದೇನೆ. ‘ತುದಿಗೆ ಇಷ್ಟು ಡಿಗ್ರಿ ಮೊದಲು’ ಎನ್ನುವುದೂ ಅದೇ ಜಾತಿಯ ಮಾತು. ಯಾವ ತುದಿ? ಪುಲ್ಲಿಯ ಮೇಲಿನ ಗೀರು ಹೇಳುವ ತುದಿಯೋ, ಪಿಸ್ಟನ್ ನಿಜಕ್ಕೂ ಮುಟ್ಟುವ ತುದಿಯೋ? ಹುಟ್ಟಿದ ಎಂಜಿನ್ನಿನಲ್ಲಿ ಎರಡೂ ಒಂದೇ. ಕಲಸಿ ಕಟ್ಟಿದ ಎಂಜಿನ್ನಿನಲ್ಲಿ ಹಾಗೆಂದು ಯಾರೂ ಆಣೆ ಮಾಡಲಾರರು.

ಸೊನ್ನೆ ಸರಿಯಿದ್ದರೂ ಪುಸ್ತಕದ ಅಂಕಿಗೆ ಇನ್ನಷ್ಟು ಷರತ್ತುಗಳಿವೆ. ಹೆಡ್ ಸವರಿ ಕೂರಿಸಿದ್ದರೆ ಕಂಪ್ರೆಷನ್ ಏರಿರುತ್ತದೆ. ಡಿಸ್ಟ್ರಿಬ್ಯೂಟರಿನೊಳಗಿನ ಸ್ಪ್ರಿಂಗ್ ಸಡಿಲಾಗಿದ್ದರೆ ಅಡ್ವಾನ್ಸ್ ಬೇಗ ಬರುತ್ತದೆ. ಇನ್ನು ಪೆಟ್ರೋಲ್: ಈ ಕಾರುಗಳ ಪುಸ್ತಕ ಬರೆದದ್ದು ಸೀಸದ ಪೆಟ್ರೋಲಿನ ಕಾಲದಲ್ಲಿ. 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ಸೀಸ ಹೋಯಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಬಿಡುಗಡೆಯಾಯಿತು. ಎಥನಾಲ್ ಆಕ್ಟೇನ್ ಏರಿಸುತ್ತದೆ ನಿಜ, ಆದರೆ ಹಳೇ ಕಾರ್ಬ್ಯುರೇಟರಿನಲ್ಲಿ ಮಿಶ್ರಣವನ್ನು ತೆಳುವಾಗಿಸುತ್ತದೆ. ಮುಂಬಯಿಯ ಓದುಗರು ಕಾಲಿ-ಪೀಲಿ ಪದ್ಮಿನಿಗಳನ್ನು ಮರೆತಿರಲಾರರು. 2003ರ ಅಕ್ಟೋಬರ್ 29ರಂದು ನೋಂದಣಿಯಾದ ಕೊನೆಯದು 20 ವರ್ಷ ತುಂಬಿಸಿ 2023ರಲ್ಲಿ ರಸ್ತೆ ಬಿಟ್ಟಿತು. ಅವುಗಳಲ್ಲಿ ಎಷ್ಟೋ ಸಿಎನ್‌ಜಿಯಲ್ಲಿ ಓಡಿದವು. ಸಿಎನ್‌ಜಿ ಪೆಟ್ರೋಲಿಗಿಂತ ನಿಧಾನವಾಗಿ ಉರಿಯುತ್ತದೆ, ಕಿಡಿ ಇನ್ನೂ ಮೊದಲೇ ಬೇಕು. ಅದೇ ಕಾರು, ಅದೇ ಎಂಜಿನ್, ಬೇರೆ ಅಂಕಿ. ಹೀಗಿರುವಾಗ ‘ಪದ್ಮಿನಿಯ ಟೈಮಿಂಗ್’ ಎಂಬ ಒಂದೇ ವಸ್ತು ಎಲ್ಲಿದೆ?

ಹಾಗಾದರೆ ಕಿವಿಯನ್ನು ನಂಬಬೇಕೆ? ಸಾತಾರಾದ ಆ ಹುಡುಗನ ಕಿವಿ ಸುಳ್ಳು ಹೇಳಲಿಲ್ಲ, ನಿಂತ ಗಾಡಿಯಲ್ಲಿ ಎಂಜಿನ್ ನಿಜಕ್ಕೂ ನಯವಾಗಿ ಓಡಿತು. ಆದರೆ ಕಿಡಿಯನ್ನು ಮುಂದಕ್ಕೆ ತಂದಷ್ಟೂ ಐಡ್ಲಿಂಗ್ ಚೆನ್ನಾಗಿ ಕೇಳಿಸುತ್ತದೆ, ಅಪಾಯ ಇರುವುದು ಭಾರ ಬಿದ್ದಾಗ. ಹೈವೇ ವೇಗದಲ್ಲಿ ಗಾಳಿ, ಗೇರುಗಳ ಗದ್ದಲದ ನಡುವೆ ಆ ಬಡಿತ ಕೇಳಿಸದೆಯೂ ಇರಬಹುದು. ಜೊತೆಗೆ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಕೈಯಲ್ಲಿ ಐದು ಡಿಗ್ರಿ ತಿರುಗಿಸಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ ಹತ್ತು.

ನಮ್ಮ ಗಾಡಿಯನ್ನು ಸರಿಮಾಡಿದವರು ಹುಬ್ಬಳ್ಳಿಯ ಒಬ್ಬ ಹಿರಿಯ ಮಿಸ್ತ್ರಿ. ನಾನು ಮ್ಯಾನ್ಯುಯಲ್ ಮುಂದೆ ಹಿಡಿದಾಗ, ‘ಅದು ಇರ್ಲಿ ತಂಗೀ, ಮೊದಲ ಸೊನ್ನಿ ಎಲ್ಲೈತಿ ನೋಡೂಣು’ ಎಂದರು. ಎಲ್ಲ ಪ್ಲಗ್ ಬಿಚ್ಚಿ, ಹಳೇ ಪ್ಲಗ್ಗಿನ ಚಿಪ್ಪಿಗೆ ಬೋಲ್ಟ್ ಕೂರಿಸಿ ಮಾಡಿದ ತಡೆಯನ್ನು ಒಂದನೇ ಸಿಲಿಂಡರಿಗೆ ಹಾಕಿದರು. ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ಒಂದು ದಿಕ್ಕಿಗೆ ತಿರುಗಿಸಿ, ಪಿಸ್ಟನ್ ತಡೆಗೆ ತಾಗಿದಲ್ಲಿ ಪುಲ್ಲಿಗೆ ಗುರುತು. ಇನ್ನೊಂದು ದಿಕ್ಕಿಗೆ ತಿರುಗಿಸಿ ಮತ್ತೊಂದು ಗುರುತು. ಎರಡರ ನಟ್ಟನಡುವೆ ನಿಜವಾದ ಸೊನ್ನೆ. ಪುಲ್ಲಿಯ ಹಳೇ ಗೀರು ಅಲ್ಲಿಂದ 9 ಡಿಗ್ರಿ ಆಚೆಗಿತ್ತು. ಆಮೇಲೆ ಪಾಯಿಂಟ್ ಗ್ಯಾಪ್, ಏಕೆಂದರೆ ಗ್ಯಾಪ್ ಬದಲಾದರೆ ಟೈಮಿಂಗೂ ಜರುಗುತ್ತದೆ. ನಂತರ 12 ವೋಲ್ಟ್ ಬಲ್ಬ್ ಹಿಡಿದು ಪಾಯಿಂಟ್ ತೆರೆಯುವ ಕ್ಷಣ ನೋಡಿದರು. ವ್ಯಾಕ್ಯೂಮ್ ಪೈಪ್ ಕಳಚಿ ಬಾಯಿ ಮುಚ್ಚಿ, ಸ್ಟ್ರೋಬ್ ಲೈಟಿನಲ್ಲಿ ಐಡ್ಲಿಂಗ್‌ನಲ್ಲೊಮ್ಮೆ, 3000 ಆರ್‌ಪಿಎಂನಲ್ಲೊಮ್ಮೆ ಓದಿದರು. ಕಿವಿಗೆ ಕೆಲಸ ಬಿದ್ದದ್ದು ಕೊನೆಗೆ: ಟಾಪ್ ಗೇರಿನಲ್ಲಿ ಏರು ಹತ್ತಿಸಿ, ಸದ್ದು ಬಂದಾಗ ಎರಡು ಡಿಗ್ರಿ ಹಿಂದಕ್ಕೆ ಸರಿಸಿದರು. ಇಡೀ ಕೆಲಸ ಒಂದು ಬೆಳಗಿನದು.

ಕಾರ್ಖಾನೆಯ ಎಂಜಿನಿಯರುಗಳಿಗಿಂತ ನಿಮಗೆ ಹೆಚ್ಚು ಗೊತ್ತೇ ಎಂದು ಕೇಳುವವರಿದ್ದಾರೆ. ಇಲ್ಲ. ಅವರು ತಮ್ಮ ಮುಂದಿದ್ದ ಎಂಜಿನ್ನನ್ನು ಅಳೆದು ಆ ಅಂಕಿ ಬರೆದರು. ಅವರಿಗೆ ಗೌರವ ಕೊಡುವುದಾದರೆ ನಮ್ಮ ಮುಂದಿರುವ ಎಂಜಿನ್ನನ್ನು ನಾವು ಅಳೆಯಬೇಕು. ಪುಸ್ತಕದ ಅಂಕಿ ಶುರುಮಾಡುವುದಕ್ಕೆ ಒಳ್ಳೆಯ ಜಾಗ, ಅಲ್ಲೇ ನಿಲ್ಲುವುದು ಸೋಮಾರಿತನ.

ಎಂಜಿನ್ ಬದಲಿಸುವ ಗ್ಯಾರೇಜುಗಳಿಂದ ನಾನು ಕೇಳುವುದು ಮೂರು ಸಾಲು: ಸೊನ್ನೆಯನ್ನು ಅಳೆದಿರೋ ಇಲ್ಲವೋ, ಐಡ್ಲಿಂಗ್‌ನಲ್ಲಿ ಎಷ್ಟು ಡಿಗ್ರಿ, 3000ದಲ್ಲಿ ಎಷ್ಟು. ಬಿಲ್ಲಿನ ಮೇಲೆ ಬರೆದು ಕೊಡಿ. ಕಾರಿನ ಮಾಲೀಕರೇ, ಆ ಮೂರು ಸಾಲು ಕೈಗೆ ಬರುವ ತನಕ ಬಾಕಿ ದುಡ್ಡು ಕೊಡಬೇಡಿ. ಹುಬ್ಬಳ್ಳಿಯ ಮಿಸ್ತ್ರಿ ಅದನ್ನು ಬಾನೆಟ್ಟಿನ ಒಳಗಡೆ ಬಿಳಿ ಪೇಂಟಿನಲ್ಲಿ ಬರೆದಿದ್ದಾರೆ. ಕಳೆದ ವಾರ ಅಪ್ಪ ಪುಣೆಗೆ ಬಂದು ಹೋದರು. ದಾರಿಯಲ್ಲಿ ಎಲ್ಲೂ ನೀರು ಹಾಕಲಿಲ್ಲವಂತೆ.