ಶಿಶುವಿನ ಕಣ್ಣಿನ ತಾತ್ಕಾಲಿಕ ರಕ್ತನಾಳಗಳು

ಗರ್ಭಸ್ಥ ಶಿಶುವಿನ ಕಣ್ಣಿನೊಳಗೆ, ಹಿಂಬದಿಯ ದೃಷ್ಟಿನರದಿಂದ ಮುಂದಿನ ಮಸೂರದವರೆಗೆ ಒಂದು ರಕ್ತನಾಳ ಹಾದುಹೋಗಿರುತ್ತದೆ. ವೈದ್ಯರು ಇದನ್ನು ಹಯಲಾಯ್ಡ್ ಧಮನಿ ಎನ್ನುತ್ತಾರೆ. ಇದರ ಕವಲುಗಳು ಮಸೂರವನ್ನು ಬಲೆಯಂತೆ ಸುತ್ತುವರಿದು, ಬೆಳೆಯುವ ಕಣ್ಣಿಗೆ ಆಹಾರವನ್ನು ಒದಗಿಸುತ್ತವೆ. ಆದರೆ ಇವು ಇರುವುದು ಬೆಳಕು ಸಾಗಬೇಕಾದ ದಾರಿಯಲ್ಲಿಯೇ. ಆದುದರಿಂದ ಗರ್ಭದ ನಡುಗಾಲದಿಂದ ಕ್ರಮೇಣ ಸವೆಯುತ್ತಾ, ತುಂಬು ತಿಂಗಳಲ್ಲಿ ಹುಟ್ಟುವ ಮಗುವಿನಲ್ಲಿ ಸಾಮಾನ್ಯವಾಗಿ ಅಳಿದುಹೋಗಿರುತ್ತವೆ.

ಇವು ತಾವಾಗಿಯೇ ಒಣಗುತ್ತವೆಯೆಂದು ಭಾವಿಸುವಂತಿಲ್ಲ. ಇಲಿಗಳಲ್ಲಿ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳನ್ನು ನಾಶಪಡಿಸಿದಾಗ ಈ ನಾಳಗಳು ಹಾಗೆಯೇ ಉಳಿದುಕೊಂಡದ್ದು 1993ರಲ್ಲಿ ಪ್ರಕಟವಾಯಿತು. ಸತ್ತ ಕೋಶಗಳನ್ನು ಗುಡಿಸುವುದಷ್ಟೇ ಅಲ್ಲ, ನಾಳದ ಕೋಶಗಳಿಗೆ ಅಳಿಯುವ ಸೂಚನೆಯನ್ನು ಕೊಡುವವೂ ಇವೇ ಎಂದಾಯಿತು. ಗರ್ಭಿಣಿ ಇಲಿಗಳನ್ನು ಕತ್ತಲೆಯಲ್ಲಿಟ್ಟರೆ ಮರಿಗಳ ಕಣ್ಣಿನಲ್ಲಿ ನಾಳಗಳ ಅಳಿವು ಕುಂಠಿತವಾಗುವುದೆಂದು 2013ರ ಅಧ್ಯಯನ ತೋರಿಸಿತು. (ಇಷ್ಟನ್ನು ಓದಿ ಮನೆಯ ಗರ್ಭಿಣಿಯರನ್ನು ಬಿಸಿಲಿನಲ್ಲಿ ಕುಳ್ಳಿರಿಸುವುದು ಬೇಡ, ಇದು ಇಲಿಗಳ ವಿಷಯ.)

ಕೆಲವು ಶಿಶುಗಳಲ್ಲಿ, ಹೆಚ್ಚಾಗಿ ಒಂದೇ ಕಣ್ಣಿನಲ್ಲಿ, ಈ ನಾಳಗಳು ಉಳಿದುಬಿಡುತ್ತವೆ. ಆಗ ಪಾಪೆ ಬೆಳ್ಳಗೆ ಕಾಣಬಹುದು. ಬಿಳಿಯ ಪಾಪೆಗೆ ಇನ್ನೂ ಗಂಭೀರವಾದ ಕಾರಣಗಳಿರುವುದರಿಂದ ತಡಮಾಡದೆ ನೇತ್ರತಜ್ಞರಿಗೆ ತೋರಿಸಬೇಕು.

1942ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯ ಥಿಯೋಡೋರ್ ಟೆರ್ರಿ, ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಮಸೂರದ ಹಿಂದೆ ಬಿಳಿಯ ಪೊರೆಯನ್ನು ಕಂಡು, ಅದು ಅಳಿಯದೆ ಉಳಿದ ಈ ನಾಳಗಳಿಂದಲೇ ಬಂದುದೆಂದು ಎಣಿಸಿದರು. ದೋಷವಿದ್ದುದು ಬೇರೆಡೆ. ಹಳೆಯ ನಾಳಗಳು ಅಳಿಯುತ್ತಿರುವಾಗಲೇ ಅಕ್ಷಿಪಟಲದ ಕಾಯಂ ನಾಳಗಳು ಸುಮಾರು 16ನೆಯ ವಾರದಿಂದ ಬೆಳೆಯತೊಡಗಿ, 40ನೆಯ ವಾರದ ಹೊತ್ತಿಗೆ ಅಂಚನ್ನು ಮುಟ್ಟುತ್ತವೆ. ಮಗು ಬೇಗ ಹುಟ್ಟಿದರೆ ಆ ಬೆಳವಣಿಗೆ ನಡುವೆಯೇ ನಿಂತು, ಮುಂದೆ ಅಡ್ಡಾದಿಡ್ಡಿಯಾಗಿ ಹಬ್ಬಿ, ಅಕ್ಷಿಪಟಲವನ್ನೇ ಎಳೆದು ಕೀಳಬಲ್ಲದು. ಮಿತಿಮೀರಿದ ಆಮ್ಲಜನಕವೂ ಇದಕ್ಕೆ ಕಾರಣವೆಂದು 1950ರ ದಶಕದಲ್ಲಿ ತಿಳಿಯಿತು.

ಈ ರೋಗದ ಆರಂಭದಲ್ಲಿ ಮಗುವಿನ ಕಣ್ಣು ಹೊರನೋಟಕ್ಕೆ ನಿರ್ಮಲವಾಗಿಯೇ ಇರುತ್ತದೆ. ತಾಯಿಗೂ ಅಜ್ಜಿಗೂ ಏನೂ ತಿಳಿಯದು. ಪಾಪೆಯನ್ನು ಹಿಗ್ಗಿಸುವ ಹನಿ ಹಾಕಿ ತಜ್ಞರು ನೋಡಿದರೆ ಮಾತ್ರ ಗೊತ್ತಾಗುತ್ತದೆ. 34 ವಾರ ತುಂಬುವ ಮೊದಲೇ ಹುಟ್ಟಿದ, ಅಥವಾ 2000 ಗ್ರಾಂಗಿಂತ ಕಡಿಮೆ ತೂಕದ ಮಗುವಿಗೆ 30 ದಿನಗಳೊಳಗೆ ಈ ಪರೀಕ್ಷೆ ಆಗಬೇಕೆಂಬುದು ನಮ್ಮ ದೇಶದ ವೈದ್ಯಕೀಯ ನಿಯಮ. ತೀರಾ ಚಿಕ್ಕ ಶಿಶುಗಳಿಗೆ ಎರಡು ಮೂರು ವಾರಗಳಲ್ಲಿಯೇ ಆಗಬೇಕು.

ನಮ್ಮ ಮನೆಗಳ ಬಾಣಂತನದ ಪದ್ಧತಿಗೂ ಈ ಗಡುವಿಗೂ ಹೊಂದಿಕೆಯಾಗುವುದಿಲ್ಲ. ತಿಂಗಳು ಕಳೆಯುವವರೆಗೆ ಕೂಸನ್ನು ಹೊಸ್ತಿಲು ದಾಟಿಸಬಾರದೆಂಬ ಹಿರಿಯರ ಮಾತಿನಲ್ಲಿ, ಗಾಳಿ-ಸೋಂಕಿನಿಂದ ಕಾಪಾಡುವ ವಿವೇಕವಿದೆ. ನಾವು ಅದನ್ನು ಹಳಿಯುವುದಿಲ್ಲ. ಆದರೆ ಲೇಸರ್ ಅಥವಾ ಚುಚ್ಚುಮದ್ದಿನಿಂದ ಉಳಿಯಬಹುದಾದ ದೃಷ್ಟಿ ಆ ಕಾಯುವಿಕೆಯಲ್ಲಿ ಕೈತಪ್ಪಬಹುದು. ಕೂಸನ್ನು ಬೆಚ್ಚಗೆ ಸುತ್ತಿಕೊಂಡು ಒಂದು ದಿನದ ಮಟ್ಟಿಗೆ ಹೊರಡಲು ಹಿರಿಯರೇ ಅಪ್ಪಣೆ ಕೊಡಬೇಕೆಂದು ನಾವು ಕೋರುತ್ತೇವೆ. ಆಸ್ಪತ್ರೆಗಳಾದರೂ ಬಿಡುಗಡೆಯ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ದಿನಾಂಕವನ್ನು ಕನ್ನಡದಲ್ಲಿ ಬರೆದುಕೊಡಬೇಕು. ಮೊದಲ ಸಲ ದೋಷ ಕಾಣದಿದ್ದರೂ, ನಾಳಗಳು ಪೂರ್ಣ ಬೆಳೆದವೆಂದು ವೈದ್ಯರು ಹೇಳುವವರೆಗೆ ಅವರು ಕರೆದ ದಿನಗಳಂದು ಮತ್ತೆ ಹೋಗಬೇಕಾಗುತ್ತದೆ.