ಕೋಳಿಮರಿಯ ಜೊತೆ ಭದ್ರವಾದ ಗೂಡನ್ನೂ ಕೊಡಿ

ಇವರಿಗೆ,
ಕಾರ್ಯನಿರ್ವಹಣಾಧಿಕಾರಿಗಳು,
ತಾಲ್ಲೂಕು ಪಂಚಾಯಿತಿ, ಹೊಳೆನರಸೀಪುರ, ಹಾಸನ ಜಿಲ್ಲೆ

ವಿಷಯ: ಹಿತ್ತಲ ಕೋಳಿಗಳನ್ನು ಕೊಲ್ಲುವ ಪ್ರಾಣಿಗಳ ಗುರುತು ತಿಳಿಸಿ, ರಕ್ಷಣೆಗೆ ನೆರವಾಗುವ ಬಗ್ಗೆ

ಮಾನ್ಯರೇ,

ಕಸಬಾ, ಹಳೇಕೋಟೆ, ಹಳ್ಳಿಮೈಸೂರು ಹೋಬಳಿಗಳಲ್ಲಿ ಹಿತ್ತಿಲಲ್ಲೇ ನಾಟಿ ಕೋಳಿ ಸಾಕುವ ಮಹಿಳೆಯರು ಈ ಮನವಿಗೆ ಸಹಿ ಹಾಕಿದ್ದಾರೆ. ಮಕ್ಕಳ ನೋಟ್‌ಬುಕ್ಕು, ಬಸ್ ಚಾರ್ಜು, ಹಬ್ಬದ ಸಣ್ಣಪುಟ್ಟ ಖರ್ಚನ್ನು ಇವರು ಯಾರ ಮುಂದೆಯೂ ಕೈಚಾಚದೆ ತೂಗಿಸುವುದು ಮೊಟ್ಟೆ, ಹುಂಜ ಮಾರಿದ ದುಡ್ಡಿನಲ್ಲಿ. 2019ರ ಜಾನುವಾರು ಗಣತಿಯ ಪ್ರಕಾರ ದೇಶದ ಹಿತ್ತಲ ಕೋಳಿಗಳು 31.7 ಕೋಟಿ, 2012ರ ಗಣತಿಗಿಂತ ಶೇ. 45ಕ್ಕೂ ಹೆಚ್ಚು. ಹಿತ್ತಿಲಿಗೆ ಕೋಳಿ ಬಂದಷ್ಟು ವೇಗವಾಗಿ ಅದನ್ನು ಉಳಿಸಿಕೊಳ್ಳುವ ತಿಳಿವಳಿಕೆ ಬಂದಿಲ್ಲ.

ಬೆಳಗ್ಗೆ ಗೂಡಿನಲ್ಲಿ ಕೋಳಿ ಸತ್ತು ಬಿದ್ದಿದ್ದರೆ ಊರವರ ಬಾಯಲ್ಲಿ ಮೊದಲು ಬರುವುದು ಮುಂಗುಸಿಯ ಹೆಸರು. ಎಷ್ಟೋ ಸಲ ಅದು ತಪ್ಪು. ಮುಂಗುಸಿ ಹಗಲು ಬೇಟೆಯಾಡುವ ಪ್ರಾಣಿ. ಮನೆಯವರು ಹೊಲಕ್ಕೆ ಹೋದ ಹೊತ್ತು ನೋಡಿ ಬೇಲಿ ಸಂದಿಯಿಂದ ನುಗ್ಗಿ ಕುತ್ತಿಗೆಗೆ ಬಾಯಿ ಹಾಕುತ್ತದೆ. ರಾತ್ರಿ ಇಡೀ ಹ್ಯಾಟೆಯೇ ಮಾಯವಾಗಿ, ಕಬ್ಬಿನ ಗದ್ದೆಯ ಕಡೆಗೆ ಪುಕ್ಕ ಉದುರಿದ್ದರೆ ಕಾಡುಬೆಕ್ಕಿನ ಮೇಲೆ ಅನುಮಾನ ಪಡಬೇಕು. ಹತ್ತಾರು ಕೋಳಿ ಸತ್ತು, ಒಂದನ್ನೂ ತಿನ್ನದೆ ಅಂಗಳದ ತುಂಬ ಎಳೆದಾಡಿದ್ದರೆ ಅದು ಬಹುತೇಕ ಬೀದಿನಾಯಿಗಳ ಕೆಲಸ. ಕಾವಿಗೆ ಇಟ್ಟ ಮೊಟ್ಟೆ ಚಿಪ್ಪೂ ಸಿಗದಂತೆ ಕಾಣೆಯಾದರೆ ಹಾವು ನುಂಗಿರಬಹುದು; ಸತ್ತ ಪಿಳ್ಳೆಯ ತಲೆ, ಕತ್ತು ಮಾತ್ರ ಲೋಳೆಯಿಂದ ಒದ್ದೆಯಾಗಿದ್ದರೆ ಹಾವು ಬಂದು ನುಂಗಲಾರದೆ ಬಿಟ್ಟು ಹೋಗಿರಬಹುದು. ಪಿಳ್ಳೆಗಳು ರಾತ್ರಿ ಒಂದೊಂದಾಗಿ ಕಮ್ಮಿಯಾಗುತ್ತಿದ್ದರೆ ಗೂಡಿನ ಮೂಲೆಯಲ್ಲಿ ಹೆಗ್ಗಣದ ಬಿಲ ಹುಡುಕಬೇಕು. ಬಯಲಲ್ಲಿ ಮೇಯುವ ಪಿಳ್ಳೆಗೆ ಹದ್ದು, ಕಾಗೆಗಳ ಕಾಟ ಬೇರೆ.

ಇನ್ನೊಂದು ಸಂಗತಿ ಇದೆ. ಕೊಕ್ಕರೆ ರೋಗದಿಂದ ಸತ್ತ ಕೋಳಿಯನ್ನು ನಾಯಿಯೋ ಬೆಕ್ಕೋ ಆಮೇಲೆ ಬಂದು ಕಿತ್ತು ತಿಂದಿರಬಹುದು. ಬೈಗುಳವೆಲ್ಲ ಪ್ರಾಣಿಯ ಪಾಲಾಗಿ, ಲಸಿಕೆಯ ಮಾತೇ ಏಳದೆ, ಉಳಿದ ಕೋಳಿಗಳೂ ಹೋಗುತ್ತವೆ.

ಗುರುತು ತಪ್ಪಿದ ಸಿಟ್ಟು ವಿಷದಲ್ಲಿ ಕೊನೆಯಾಗುವುದೂ ಉಂಟು. ಸತ್ತ ಕೋಳಿಗೇ ವಿಷ ಸವರಿ ಬೇಲಿ ಬಳಿ ಇಟ್ಟರೆ ಅದನ್ನು ಯಾವ ಪ್ರಾಣಿ ತಿನ್ನುತ್ತದೋ ಹೇಳಲಾಗದು. ಪಕ್ಕದ ಮನೆಯ ಸಾಕುನಾಯಿಯೂ ಸಾಯಬಹುದು. ಮುಂಗುಸಿ, ಕಾಡುಬೆಕ್ಕು, ಕೇರೆಹಾವು, ನಾಗರಹಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅದಕ್ಕಿಂತ ಮುಖ್ಯವಾಗಿ, ಗದ್ದೆಯ ಇಲಿ, ಹೆಗ್ಗಣ ಹಿಡಿಯುವವೂ ಇವೇ. ಅರ್ಜಿದಾರರು ಇವುಗಳನ್ನು ಕೊಲ್ಲಲು ಅನುಮತಿ ಕೇಳುತ್ತಿಲ್ಲ. ಸತ್ತ ಕೋಳಿಗೆ ಪರಿಹಾರವನ್ನೂ ಕೇಳುತ್ತಿಲ್ಲ; ಒಂದು ಹ್ಯಾಟೆಯ ಸಾವಿಗೆ ಮಹಜರು, ಅರ್ಜಿ, ಓಡಾಟ ಎಂದರೆ ಹ್ಯಾಟೆಯ ಬೆಲೆಗಿಂತ ಖರ್ಚೇ ಹೆಚ್ಚು.

ಅವರು ಕೇಳುವುದು ಗೂಡು. ಮಹಿಳೆಯರಿಗೆ ಕೋಳಿಮರಿ ವಿತರಿಸುವಾಗಲೆಲ್ಲ ಅದರ ಜೊತೆಗೇ ಗೂಡಿಗೂ ನೆರವು ಸಿಗಬೇಕು. ಮಂಕರಿ ಕವುಚಿ ಮೇಲೊಂದು ಕಲ್ಲು ಹೇರುವುದು ನಾಲ್ಕು ಪಿಳ್ಳೆಗಾದರೆ ಸರಿ, ಇಪ್ಪತ್ತು ಕೋಳಿಗೆ ಸಾಲದು. ಪೇಟೆಯಲ್ಲಿ ಸಿಗುವ ತೆಳು ತಂತಿಯ ಕೋಳಿ ಜಾಲರಿ ಕೋಳಿ ಆಚೆ ಹೋಗದಂತೆ ತಡೆದೀತು, ನಾಯಿಯ ಹಲ್ಲನ್ನು ತಡೆಯದು. ಅರ್ಧ ಇಂಚಿನ ಕಣ್ಣಿನ ವೆಲ್ಡ್ ಮೆಶ್ ಬೇಕು. ಅದನ್ನು ಗೂಡಿನ ಸುತ್ತ ಒಂದಡಿಯಷ್ಟು ಹೊರಕ್ಕೆ ಚಾಚಿ ಮಣ್ಣು ಮುಚ್ಚಿದರೆ ನಾಯಿ ಕೆರೆದು ಒಳನುಗ್ಗುವುದು ಕಷ್ಟ. ನೆಲದಿಂದ ಎರಡಡಿ ಎತ್ತರದ ಅಟ್ಟಣೆ, ಭದ್ರವಾದ ಚಿಲಕ ಇರಬೇಕು, ಮುಚ್ಚಂಜೆಗೆ ಮುಂಚೆ ಕೋಳಿ ಮುಚ್ಚುವ ರೂಢಿಯೂ ಇರಬೇಕು. ಉದ್ಯೋಗ ಖಾತರಿಯ ವೈಯಕ್ತಿಕ ಕಾಮಗಾರಿಗಳಲ್ಲಿ ದನದ ಕೊಟ್ಟಿಗೆಯ ಜೊತೆ ಕೋಳಿ ಶೆಡ್‌ಗೂ ಜಾಗ ಕೊಟ್ಟಿರುವುದು ಸರಿಯಾದ ದಾರಿ. ಆ ದಾರಿಯಲ್ಲಿ ಸಣ್ಣ ಸಾಕಣೆಯ ವಿಧವೆಯರಿಗೆ, ಜಮೀನಿಲ್ಲದವರಿಗೆ ಮೊದಲ ಆದ್ಯತೆ ಸಿಗಲಿ.

ತಳಿಯ ಆಯ್ಕೆಯಲ್ಲೂ ಊರಿನ ಪರಿಸ್ಥಿತಿ ನೋಡಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮೈತೂಕದ ಕೋಳಿ. 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರ ಅದಕ್ಕಿಂತ ಹಗುರ. ಕಾಡುಬೆಕ್ಕು, ನರಿಗಳಿಂದ ತಪ್ಪಿಸಿಕೊಳ್ಳುವುದು ಅದಕ್ಕೆ ಸುಲಭ. ಕಬ್ಬಿನ ಗದ್ದೆ, ತೋಟಗಳಿಗೆ ಅಂಟಿಕೊಂಡ ಊರುಗಳಿಗೆ ಹಗುರ ಮೈಯ ತಳಿಯನ್ನೇ ಕೊಡಬೇಕೆಂದು ಕೋರಿಕೆ.

ಹಾಸನದಲ್ಲೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಅಲ್ಲಿಯವರ ನೆರವಿನಿಂದ ಕಚ್ಚಿದ ಗಾಯ, ಹೆಜ್ಜೆ ಗುರುತು, ಪುಕ್ಕ ಬಿದ್ದ ರೀತಿಯನ್ನು ತೋರಿಸುವ ಚಿತ್ರಪಟ ಮಾಡಿಸಿ ಪ್ರತಿ ಗ್ರಾಮ ಪಂಚಾಯಿತಿ, ಪಶು ಆಸ್ಪತ್ರೆ, ಹಾಲಿನ ಡೈರಿಯ ಗೋಡೆಗೆ ಅಂಟಿಸಬೇಕು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳ ಸಂತಾನಹರಣ ಚಿಕಿತ್ಸೆ, ರೇಬಿಸ್ ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಗಳದು. ಅದಕ್ಕೆ ಹಣ ತೆಗೆದಿಟ್ಟು ಊರುವಾರು ದಿನಾಂಕ ಪ್ರಕಟಿಸಬೇಕು.

ಮುಂದಿನ ಗ್ರಾಮಸಭೆಗಳಲ್ಲಿ ಈ ಬೇಡಿಕೆಗಳನ್ನು ಮಂಡಿಸಿ, ತೆಗೆದುಕೊಂಡ ತೀರ್ಮಾನವನ್ನು ಅರ್ಜಿದಾರರಿಗೆ ಬರಹದಲ್ಲಿ ತಿಳಿಸಬೇಕೆಂದು ಕೋರಲಾಗಿದೆ.

ಇಂತಿ,
ಹೊಳೆನರಸೀಪುರ ತಾಲ್ಲೂಕಿನ ಹಿತ್ತಲ ಕೋಳಿ ಸಾಕಣೆದಾರರು

ಪ್ರತಿ: ಸಹಾಯಕ ನಿರ್ದೇಶಕರು, ಪಶುಪಾಲನೆ ಮತ್ತು ಪಶುವೈದ್ಯ ಸೇವಾ ಇಲಾಖೆ, ವಲಯ ಅರಣ್ಯಾಧಿಕಾರಿಗಳು